ಕರೆಂಟ್ ಹೋಗಿ ಬಂದ ಮೇಲೆ ಗೀಸರ್ ಪ್ಲಗ್ ಆಫ್‌ಲೈನ್ ಆಗುತ್ತಿದೆ (ಮೂಡಿಗೆರೆ ಹೋಂಸ್ಟೇ)

ಮೂಡಿಗೆರೆ ಮನೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ತೋಟದೊಳಗಿನ ನಮ್ಮ ಹಳೇ ಮನೆಯನ್ನು ಹೋಂಸ್ಟೇ ಮಾಡಿದ್ದೇವೆ. ನಾವು ಇರುವುದು ಬೆಂಗಳೂರಲ್ಲಿ. ಬೀಗದ ಕೈ ಕೊಡುವುದು, ತೆಗೆದುಕೊಳ್ಳುವುದು ಎಲ್ಲ ತೋಟದ ರೈಟರ್ (ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು) ನೋಡಿಕೊಳ್ಳುತ್ತಾರೆ. ಆದರೆ ಕಾಫಿ ಕೊಯ್ಲು ಶುರುವಾದರೆ ಅವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಗೀಸರ್ ಹಾಕಿ ಅಂತ ಅವರನ್ನು ಕರೆಯುವುದು ಸರಿಯಲ್ಲ.

ಹಾಗಾಗಿ ಎರಡೂ ಬಚ್ಚಲುಮನೆ ಗೀಸರ್‌ಗೆ 16 ಆಂಪ್ ವೈಫೈ ಪ್ಲಗ್ (ಫೋನಿನ ಆಪ್‌ನಿಂದ ಆನ್, ಆಫ್ ಮಾಡುವಂಥದ್ದು) ಹಾಕಿಸಿದೆ. ಗೆಸ್ಟ್‌ಗಳು ಬೇಲೂರು ದಾಟಿದೆವು ಅಂತ ಫೋನ್ ಮಾಡಿದ ಮೇಲೆ ಇಲ್ಲಿಂದಲೇ ಆನ್ ಮಾಡುತ್ತೇನೆ. ಇಷ್ಟು ಚೆನ್ನಾಗಿ ನಡೆಯುತ್ತಿದೆ.

ತೊಂದರೆ ಏನೆಂದರೆ, ಕರೆಂಟ್ ಹೋಗಿ ಬಂದರೆ ಕೆಲವು ಸಲ ಎರಡೂ ಪ್ಲಗ್ ಆಫ್‌ಲೈನ್. ಪ್ರತಿ ಸಲ ಅಲ್ಲ. ಕೆಲವೊಮ್ಮೆ ತಾನಾಗೇ ಬರುತ್ತವೆ, ಕೆಲವೊಮ್ಮೆ ಮರುದಿನವಾದರೂ ಇಲ್ಲ. ರೈಟರ್ ಪ್ಲಗ್ ಕಿತ್ತು ಮತ್ತೆ ಹಾಕಿದರೂ ಅದರ ನೀಲಿ ದೀಪ ಮಿಣಮಿಣ ಅನ್ನುತ್ತಲೇ ಇರುತ್ತದೆ. ಆ ಹೊತ್ತಲ್ಲೂ ಅವರ ಫೋನಿಗೆ ಅದೇ ವೈಫೈ ಚೆನ್ನಾಗಿ ಸಿಗುತ್ತದೆ, ವಿಡಿಯೋ ಕಾಲ್ ಕೂಡ ಮಾಡುತ್ತಾರೆ. ಪ್ಲಗ್ ಬದಲಾಯಿಸಬೇಕಾ?

ಹಾಸನ ವೈರ್‌ಮನ್

ಈಗಲೇ ಬದಲಾಯಿಸಬೇಡಿ. ಎರಡು ಪ್ಲಗ್ ಒಂದೇ ಹೊತ್ತಿಗೆ ಹಾಳಾಗಿ, ಒಂದೇ ಹೊತ್ತಿಗೆ ಸರಿಯಾಗುವುದು ಕಷ್ಟ ಅಲ್ವಾ? ಎರಡಕ್ಕೂ ಸಮಾನವಾಗಿರುವುದು ರೂಟರ್. ಪ್ಲಗ್ ಆಫ್‌ಲೈನ್ ಇರುವಾಗ ರೂಟರ್ ಆಫ್ ಮಾಡಿ ಆನ್ ಮಾಡಿದರೆ ಏನಾಗುತ್ತದೆ? ರೂಟರ್ ಕೊಡುವ 2.4 ಮತ್ತು 5 ಗಿಗಾಹರ್ಟ್ಸ್ ವೈಫೈ ಎರಡಕ್ಕೂ ಒಂದೇ ಹೆಸರು ಇಟ್ಟಿದ್ದೀರಾ?

ಮೂಡಿಗೆರೆ ಮನೆ

ರೂಟರ್ ಆಫ್ ಮಾಡಿ ಆನ್ ಮಾಡಿದರೆ ಕೆಲವು ಸಲ ಬರುತ್ತದೆ, ಕೆಲವು ಸಲ ಇಲ್ಲ. ಹೌದು, ಎರಡಕ್ಕೂ ಒಂದೇ ಹೆಸರು. ಇಂಟರ್ನೆಟ್ ಫೈಬರ್‌ದು.

ಹಾಸನ ವೈರ್‌ಮನ್

ಹಾಗಾದರೆ ಚಾನೆಲ್ ಮೇಲೇ ನನಗೆ ಅನುಮಾನ. ಇಂಥ ಪ್ಲಗ್‌ಗಳಿಗೆ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಅದನ್ನು ಚಾನೆಲ್ ಅನ್ನುವ ನಂಬರ್ ಹಾಕಿದ ಭಾಗಗಳಾಗಿ ಹಂಚಿರುತ್ತಾರೆ, ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಬಳಸಬಹುದು. ಅಮೆರಿಕದಲ್ಲಿ ಬಳಸುವುದು 11ರವರೆಗೆ. ಆ ಲೆಕ್ಕದಲ್ಲಿ ಸಾಫ್ಟ್‌ವೇರ್ ಹಾಕಿದ ಪ್ಲಗ್‌ಗಳಿಗೆ 12, 13 ಕಾಣುವುದೇ ಇಲ್ಲ. ನಿಮ್ಮ ರೂಟರ್‌ನಲ್ಲಿ ಚಾನೆಲ್ "ಆಟೋ" ಇದ್ದರೆ, ಕರೆಂಟ್ ಬಂದಾಗಲೆಲ್ಲ ಅದು ಹೊಸದಾಗಿ ಚಾನೆಲ್ ಆರಿಸಿಕೊಳ್ಳುತ್ತದೆ. 6 ಸಿಕ್ಕರೆ ಪ್ಲಗ್ ಬರುತ್ತದೆ, 13 ಸಿಕ್ಕರೆ ಬರುವುದಿಲ್ಲ. ಫೋನಿಗೆ ಎಲ್ಲ ಚಾನೆಲ್ ಕಾಣುವುದರಿಂದ ರೈಟರ್‌ಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮುಂದಿನ ಸಲ ಆಫ್‌ಲೈನ್ ಆದಾಗ ಅವರ ಫೋನಿನಲ್ಲಿ ಯಾವುದಾದರೂ ವೈಫೈ ಅನಲೈಜರ್ ಆಪ್ ಹಾಕಿ, 2.4ರ ಚಾನೆಲ್ ನಂಬರ್‌ನ ಸ್ಕ್ರೀನ್‌ಶಾಟ್ ಕಳಿಸಲು ಹೇಳಿ. 12 ಅಥವಾ 13 ಅಂತ ಬಂದರೆ ಕಳ್ಳ ಸಿಕ್ಕಿದ ಹಾಗೆ. ಆಮೇಲೆ ರೂಟರ್‌ನಲ್ಲಿ ಆಟೋ ತೆಗೆದು 1, 6 ಅಥವಾ 11ರಲ್ಲಿ ಒಂದನ್ನು ಗಟ್ಟಿ ಮಾಡಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಡಿ. ಈಗಿನ ಹೆಸರು, ಪಾಸ್‌ವರ್ಡ್ 2.4ಕ್ಕೇ ಇರಲಿ, ಆಗ ಪ್ಲಗ್‌ಗಳನ್ನು ಮತ್ತೆ ಜೋಡಿಸುವ ತಾಪತ್ರಯ ಇಲ್ಲ.

ಇನ್ನೊಂದು ಮಾತು. ರೂಟರ್‌ಗೂ ಫೈಬರ್ ಪೆಟ್ಟಿಗೆಗೂ ಒಂದು 12 ವೋಲ್ಟ್ ಮಿನಿ ಯುಪಿಎಸ್ ಹಾಕಿ. ಎರಡಕ್ಕೂ ಹಾಕಬೇಕು, ಬರೀ ರೂಟರ್‌ಗೆ ಹಾಕಿದರೆ ಇಂಟರ್ನೆಟ್ ಉಳಿಯುವುದಿಲ್ಲ. ಹಾಗೇ ಅದು ಸಿಡಿಲಿಗೆ ರಕ್ಷಣೆ ಅಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಿಮಗೇ ಗೊತ್ತು. ಅದಕ್ಕೆ ಡಿಬಿ ಬಾಕ್ಸಿನಲ್ಲಿ (ಮನೆಯ ಕರೆಂಟ್ ಹಂಚುವ ಪೆಟ್ಟಿಗೆ) ಸರ್ಜ್ ಪ್ರೊಟೆಕ್ಟರ್ ಬೇಕು, ಅದಕ್ಕಿಂತ ಮೊದಲು ಅರ್ಥಿಂಗ್ ಸರಿ ಇರಬೇಕು. ಹಳೇ ತೋಟದ ಮನೆಗಳಲ್ಲಿ ಅರ್ಥಿಂಗ್ ಪರೀಕ್ಷೆ ಮಾಡಿಸದೆ ಗೀಸರ್ ಹಾಕಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದಯವಿಟ್ಟು ಇದನ್ನು ಮುಂದೂಡಬೇಡಿ, ಸ್ನಾನ ಮಾಡುವ ಜಾಗ ಅದು.

ಕಳಸ ಕಾಫಿ

ನನ್ನದೂ ಹೋಂಸ್ಟೇನೇ. ಆಪ್‌ನಲ್ಲಿ "ಕರೆಂಟ್ ಬಂದ ಮೇಲೆ ಏನಾಗಬೇಕು" ಅನ್ನುವ ಸೆಟ್ಟಿಂಗ್ ಇರುತ್ತದೆ, ಅದನ್ನೂ ನೋಡಿ. "ಹಿಂದಿನ ಸ್ಥಿತಿ" ಅಂತ ಇದ್ದರೆ, ಗೀಸರ್ ಉರಿಯುತ್ತಿರುವಾಗ ಕರೆಂಟ್ ಹೋದರೆ, ಬಂದ ಮೇಲೆ ತಾನೇ ಮತ್ತೆ ಆನ್ ಆಗುತ್ತದೆ. ಅಷ್ಟರಲ್ಲಿ ಗೆಸ್ಟ್‌ಗಳು ಹೋಗಿರಬಹುದು, ಮನೆ ಖಾಲಿ ಇರಬಹುದು. ಗೀಸರ್‌ಗೆ ಯಾವಾಗಲೂ "ಆಫ್" ಇಡಿ.

ಟೈಮರ್ ವಿಷಯದಲ್ಲೂ ಹುಷಾರು. ಇಂಥ ಪ್ಲಗ್‌ಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿ ಗಡಿಯಾರ ಇರುವುದಿಲ್ಲ, ಕರೆಂಟ್ ಹೋಗಿ ಬಂದರೆ ಸಮಯವನ್ನು ಇಂಟರ್ನೆಟ್‌ನಿಂದಲೇ ಕೇಳಿಕೊಳ್ಳಬೇಕು. ಇಂಟರ್ನೆಟ್ ಇಲ್ಲದಿದ್ದರೆ "ರಾತ್ರಿ 10ಕ್ಕೆ ಆಫ್" ಅನ್ನುವುದು ನಡೆಯುವುದೇ ಇಲ್ಲ. ಅದರ ಬದಲು "ಆನ್ ಆದ 40 ನಿಮಿಷಕ್ಕೆ ಆಫ್" ಅನ್ನುವ ಕೌಂಟ್‌ಡೌನ್ ಇದ್ದರೆ ಅದನ್ನು ಬಳಸಿ. 15 ಲೀಟರಿನ 2000 ವ್ಯಾಟ್ ಗೀಸರ್‌ಗೆ, ನಮ್ಮ ಚಳಿಗಾಲದ ನೀರನ್ನು 55 ಡಿಗ್ರಿಗೆ ತರಲು ಹೆಚ್ಚುಕಮ್ಮಿ 20 ನಿಮಿಷ ಬೇಕು. 40 ಧಾರಾಳವಾಯಿತು. ಆ ಕೌಂಟ್‌ಡೌನ್ ಪ್ಲಗ್ ಒಳಗೇ ಓಡುತ್ತದೋ ಇಲ್ಲವೋ ತಿಳಿಯಬೇಕಾ? ಆನ್ ಮಾಡಿ, ರೂಟರ್ ಆಫ್ ಮಾಡಿ, ಕಾದು ನೋಡಿ. ಆಫ್ ಆಗದಿದ್ದರೆ ಅದನ್ನು ನಂಬಬೇಡಿ.

ಗೋಡೆ ಸ್ವಿಚ್ಚಿನ ಪಕ್ಕ ಒಂದು ಚೀಟಿ ಅಂಟಿಸಿ: "ದಯವಿಟ್ಟು ಈ ಸ್ವಿಚ್ ಆಫ್ ಮಾಡಬೇಡಿ, ಬಿಸಿನೀರಿಗೆ ಪ್ಲಗ್ ಮೇಲಿನ ಬಟನ್ ಒತ್ತಿ." ನೆಟ್‌ವರ್ಕ್ ಇಲ್ಲದ ದಿನವೂ ಗೆಸ್ಟ್‌ಗೆ ಬಿಸಿನೀರು ಸಿಗಬೇಕು.

ಮೂಡಿಗೆರೆ ಮನೆ

ಸ್ಕ್ರೀನ್‌ಶಾಟ್ ಬಂತು. ಚಾನೆಲ್ 13! ರೈಟರ್ ಅವರಿಂದಲೇ 6ಕ್ಕೆ ಹಾಕಿಸಿದೆ. ಹಾಕಿದ ತಕ್ಷಣ ನೀಲಿ ದೀಪ ಮಿಣುಕುವುದು ನಿಂತು, ಎರಡೂ ಪ್ಲಗ್ ಆಪ್‌ನಲ್ಲಿ ಬಂದವು. ಆಮೇಲೆ ಸುಮಾರು ಸಲ ಕರೆಂಟ್ ಹೋಗಿ ಬಂದಿದೆ, ಎಲ್ಲ ಸಲವೂ ತಾವಾಗೇ ಬರುತ್ತಿವೆ. ಅರ್ಥಿಂಗ್ ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಇದೇ ಥರದ ಇನ್ನೊಂದು ಪ್ಲಗ್ ಉಳಿದಿದೆ. ಟ್ಯಾಂಕಿಗೆ ನೀರು ಹತ್ತಿಸುವ 1 ಎಚ್‌ಪಿ ಪಂಪಿಗೆ ಹಾಕಬಹುದಾ?

ಹಾಸನ ವೈರ್‌ಮನ್

ನೇರವಾಗಿ ಬೇಡ. ಗೀಸರ್ ಒಂದೇ ಸಮನೆ ಕರೆಂಟ್ ಎಳೆಯುತ್ತದೆ. ಮೋಟಾರ್ ಶುರುವಾಗುವಾಗ ಅದರ ಮಾಮೂಲಿಗಿಂತ ಹಲವು ಪಟ್ಟು ಜಾಸ್ತಿ ಎಳೆಯುತ್ತದೆ. ಪ್ಲಗ್ ಒಳಗಿನ ಚಿಕ್ಕ ರಿಲೇ (ಕರೆಂಟ್ ಆನ್, ಆಫ್ ಮಾಡುವ ಸ್ವಿಚ್) ಅಂಟಿಕೊಂಡುಬಿಡಬಹುದು. ಆಗ ನೀವು ಬೆಂಗಳೂರಿನಿಂದ ಎಷ್ಟು ಆಫ್ ಒತ್ತಿದರೂ ಪಂಪ್ ಓಡುತ್ತಲೇ ಇರುತ್ತದೆ. ಪ್ಲಗ್‌ನಿಂದ ಒಂದು ಕಾಂಟ್ಯಾಕ್ಟರ್‌ನ (ಮೋಟಾರಿನಂಥ ದೊಡ್ಡ ಲೋಡಿಗೆ ಬಳಸುವ ದೊಡ್ಡ ರಿಲೇ) ಕಾಯಿಲ್ ಮಾತ್ರ ಓಡಿಸಿ, ಪಂಪಿನ ಭಾರ ಕಾಂಟ್ಯಾಕ್ಟರ್ ಹೊರಲಿ. ಜೊತೆಗೆ ಟ್ಯಾಂಕ್ ತುಂಬಿದಾಗ ನಿಲ್ಲಿಸುವ ಫ್ಲೋಟ್ ಸ್ವಿಚ್, ಬಾವಿ ಕಡೆ ನೀರಿಲ್ಲದೆ ಪಂಪ್ ಓಡದಂತೆ ಡ್ರೈ ರನ್ ರಕ್ಷಣೆ ಬೇಕೇ ಬೇಕು. ಎಲೆಕ್ಟ್ರಿಷಿಯನ್ ಬಂದಾಗ ಮೇನ್ ಆಫ್ ಮಾಡಿಸಿ, ಸ್ಟಾರ್ಟರ್ ಬಾಕ್ಸಿನ ಒಳಗಿನ ಫೋಟೋ ತೆಗೆಸಿ ಇಲ್ಲಿ ಹಾಕಿ. ಯಾವ ಕಾಂಟ್ಯಾಕ್ಟರ್ ಅಂತ ನೋಡಿ ಹೇಳುತ್ತೇನೆ.