ರಿಫ್ರಾಕ್ಷನ್‌ನಲ್ಲಿ 11 ಮೀಟರಿಗೆ ಬಂಡೆ, ಬೋರ್ ಹಾಕಿದರೆ ಬರೀ ಶೇಡಿ ಮಣ್ಣು! ಎಲ್ಲಿ ತಪ್ಪಿದೆ?

ಪೈವಳಿಕೆ ಪಾಯ:
ನಮಸ್ಕಾರ. ಕಾಸರಗೋಡಿನ ಪೈವಳಿಕೆ ಹತ್ತಿರ ಗುಡ್ಡದ ಮೇಲೆ ನೀರಿನ ಟ್ಯಾಂಕ್ ಕಟ್ಟಲಿಕ್ಕುಂಟು. ಪಾಯಕ್ಕಾಗಿ ಸೈಸ್ಮಿಕ್ ರಿಫ್ರಾಕ್ಷನ್ (ನೆಲಕ್ಕೆ ಹೊಡೆದು, ಅಲೆ ಬರುವ ಸಮಯದಿಂದ ಅಡಿಯ ಪದರಗಳ ಆಳ ಅಳೆಯುವುದು) ನಾನೇ ಮಾಡಿದೆ. 24 ಜಿಯೋಫೋನ್ (ನೆಲದ ಕಂಪನ ಹಿಡಿಯುವ ಸಾಧನ), 5 ಮೀಟರ್ ಅಂತರ, ದೊಡ್ಡ ಸುತ್ತಿಗೆ. ಎರಡು ಪದರ ಚೆನ್ನಾಗಿ ಬಂತು. ಮೇಲೆ ಸೆಕೆಂಡಿಗೆ 1100 ಮೀಟರ್, ಕೆಳಗೆ 1500. ಇಂಟರ್ಸೆಪ್ಟ್ ಟೈಮ್ (ಗ್ರಾಫಿನಲ್ಲಿ ಕೆಳಪದರದ ಗೆರೆಯನ್ನು ಸೊನ್ನೆ ದೂರಕ್ಕೆ ಎಳೆದರೆ ಸಿಗುವ ಸಮಯ) 13.5 ಮಿಲಿಸೆಕೆಂಡ್. ಲೆಕ್ಕ ಹಾಕಿದರೆ ಗಡಿ 11 ಮೀಟರಿಗೆ. ಶಿಥಿಲ ಬಂಡೆ ಅಂತ ವರದಿ ಬರೆದೂ ಆಯ್ತು.

ಈಗ ಬೋರ್ ಹಾಕಿದ್ದೇವೆ. 4 ಮೀಟರ್ ಮುರಕಲ್ಲು (ಜಂಬಿಟ್ಟಿಗೆ), ಅದರಡಿ ಶೇಡಿ (ಮೆತ್ತನೆ ಜೇಡಿಮಣ್ಣು). 15 ಮೀಟರ್ ಇಳಿದರೂ ಎಸ್‌ಪಿಟಿಯ (ಕೊಳವೆ ಬಡಿದು ಮಣ್ಣಿನ ಗಟ್ಟಿತನ ನೋಡುವ ಪರೀಕ್ಷೆ) ಎನ್ ಬೆಲೆ, ಅಂದರೆ ಪೆಟ್ಟಿನ ಲೆಕ್ಕ, 8 ದಾಟಲಿಲ್ಲ. ಸುತ್ತಿಗೆ ಹೊಡೆದ ಕ್ಷಣ ಗುರುತಿಸುವ ಟ್ರಿಗರ್ ಕೆಟ್ಟಿರಬಹುದಾ?

ಬದಿಯಡ್ಕ ಬೋರ್:
ಟ್ರಿಗರ್ ತಡವಾದರೆ ಎಲ್ಲ ಸಮಯವೂ ಒಂದೇ ಅಳತೆಯಲ್ಲಿ ಸರಿಯುತ್ತದೆ. ವೇಗ ಬದಲಾಗುವುದಿಲ್ಲ. ಹಾಗಾಗಿ ಆ 1500 ನಿಜವೇ. ಹತ್ತಿರ ಬಾವಿ ಉಂಟಾ? ನೀರು ಎಷ್ಟರಲ್ಲಿದೆ?

ಪೈವಳಿಕೆ ಪಾಯ:
20 ಮೀಟರ್ ಆಚೆ ಒಂದುಂಟು. ನೆಲ ಒಂದೇ ಮಟ್ಟ. ಸರ್ವೆ ದಿನವೇ ಹಗ್ಗ ಬಿಟ್ಟು ನೋಡಿದ್ದೆ, 6 ಮೀಟರ್. 11ಕ್ಕೂ ಇದಕ್ಕೂ ಹೊಂದುವುದಿಲ್ಲ ಅಲ್ವಾ?

ಕುಂಬಳೆ ಜಿಯೋ:
ಹೊಂದುತ್ತದೆ ಮಾರಾಯ್ರೆ, ಅದೇ ಮಜಾ. ನೀವು ಕಂಡದ್ದು ಬಂಡೆ ಅಲ್ಲ, ನೀರು. ರಿಫ್ರಾಕ್ಷನ್‌ನಲ್ಲಿ ನೀವು ಅಳೆದ ಪಿ ಅಲೆ (ಒತ್ತಡದ ಅಲೆ) ನೀರಿನಲ್ಲಿ ಸುಮಾರು 1500ರಲ್ಲಿ ಓಡುತ್ತದೆ. ಶೇಡಿ ಎಷ್ಟೇ ಮೆತ್ತಗಿರಲಿ, ನೀರು ತುಂಬಿದರೆ ಅಷ್ಟೇ ತೋರಿಸುತ್ತದೆ.

ಇನ್ನು ಆಳದ ವಿಷಯ. 4ರಿಂದ 6 ಮೀಟರ್ ತನಕ ಒಣ ಶೇಡಿ ಉಂಟಲ್ಲ, ಅದರ ವೇಗ ಮೇಲಿನ ಮುರಕಲ್ಲಿಗಿಂತ ಕಡಿಮೆ. ಕೆಳಗೆ ವೇಗ ಇಳಿದರೆ ಅಲೆ ಗಡಿಗುಂಟ ಓಡಿ ಮೇಲೆ ಬರುವುದೇ ಇಲ್ಲ. ಗ್ರಾಫಿನಲ್ಲಿ ಆ ಪದರ ಮಾಯ. ಆದರೆ ಅದು ತಿನ್ನುವ ಸಮಯ ಮಾತ್ರ ಉಳಿಯುತ್ತದೆ. ಒಣ ಶೇಡಿಗೆ 450 ಹಿಡಿದು ನೋಡಿದೆ. 4 ಮೀಟರ್ ಮುರಕಲ್ಲಿಗೆ 5 ಮಿಲಿಸೆಕೆಂಡ್, 2 ಮೀಟರ್ ಶೇಡಿಗೆ 8.5. ಒಟ್ಟು ನಿಮ್ಮದೇ 13.5! ನೀವು ಅಷ್ಟನ್ನೂ 1100ರ ಲೆಕ್ಕಕ್ಕೆ ಹಾಕಿದ್ದೀರಿ. ಅದಕ್ಕೇ 6 ಹೋಗಿ 11 ಆಯ್ತು.

ನಮ್ಮ ಕಡೆ ಮೇಲೆ ಗಟ್ಟಿ, ಕೆಳಗೆ ಬೆಣ್ಣೆ. ಇಲ್ಲಿ ರಿಫ್ರಾಕ್ಷನ್ ಒಂದನ್ನೇ ನಂಬಿ ವರದಿ ಬರೆಯಬಾರದು. ಎಂಎಎಸ್‌ಡಬ್ಲ್ಯೂ (ನೆಲದ ಮೇಲ್ಮೈ ಅಲೆಗಳ ಸರ್ವೆ) ಮಾಡಿ. ಅದರಲ್ಲಿ ಸಿಗುವುದು ಶಿಯರ್ ಅಲೆಯ (ಅಡ್ಡಕ್ಕೆ ಅಲುಗಿಸುವ ಅಲೆ) ವೇಗ. ನೀರಿಗೆ ಅದು ಮೋಸ ಹೋಗುವುದಿಲ್ಲ. ನಿಮ್ಮ ಜಿಯೋಫೋನ್ ಎಷ್ಟು ಹರ್ಟ್ಸ್?

ಪೈವಳಿಕೆ ಪಾಯ:
14.

ಕುಂಬಳೆ ಜಿಯೋ:
ಸಾಲದು. ಅಲೆಯುದ್ದದ ಅರ್ಧದಷ್ಟು ಆಳ ಸಿಗುತ್ತದೆ ಅಂತ ಅಂದಾಜು. 15 ಮೀಟರಿಗೆ 30 ಮೀಟರಿನ ಅಲೆ ಬೇಕು. ವೇಗ 200 ಇದ್ದರೆ ಅದು 7 ಹರ್ಟ್ಸ್ ಹತ್ತಿರ. 4.5 ಹರ್ಟ್ಸಿನದ್ದು ಎಲ್ಲಾದರೂ ಬಾಡಿಗೆಗೆ ತನ್ನಿ, 2 ಮೀಟರ್ ಅಂತರದಲ್ಲಿ ಇಡಿ. ಮುರಕಲ್ಲು ಮೇಲಿದ್ದರೆ ಡಿಸ್ಪರ್ಷನ್ ಚಿತ್ರದಲ್ಲಿ (ಯಾವ ಹರ್ಟ್ಸಿಗೆ ಎಷ್ಟು ವೇಗ ಅಂತ ತೋರಿಸುವುದು) ಹೈಯರ್ ಮೋಡ್, ಅಂದರೆ ಮೂಲ ಗೆರೆಗಿಂತ ಮೇಲಿನ ಬೇರೆ ಗೆರೆ, ಜೋರಾಗಿ ಕಾಣುತ್ತದೆ. ಸಾಫ್ಟ್‌ವೇರ್ ತಾನಾಗಿ ಹಿಡಿದ ಗೆರೆಯನ್ನು ಸುಮ್ನೆ ಒಪ್ಪಬೇಡಿ. ಬೋರ್ ಲಾಗ್ ಎದುರಿಗಿಟ್ಟು ಕೈಯಲ್ಲಿ ಗುರುತಿಸಿ.

ಪೈವಳಿಕೆ ಪಾಯ (ಎರಡು ವಾರದ ನಂತರ):
ಮಾಡಿದೆ. 4 ಮೀಟರ್ ಕೆಳಗೆ ಶಿಯರ್ ವೇಗ 190ರ ಆಸುಪಾಸು, 18 ಮೀಟರ್ ತನಕವೂ ಹಾಗೆಯೇ. ಬೋರ್‌ಗೆ ಸರಿಹೊಂದಿತು. ಹಳೆ ವರದಿ ವಾಪಸ್ ಪಡೆದೆ, ಮುಖ ಸಣ್ಣದಾಯ್ತು.

ಇನ್ನೊಂದು ತಲೆಬಿಸಿ. ಪಕ್ಕದ ಮನೆ ಅಜ್ಜ, ‘ಅಲ್ಲಿ ಅಡಿಯಲ್ಲಿ ನಮ್ಮ ಹಳೆ ಸುರಂಗ ಹೋಗುತ್ತದೆ’ ಎಂದರು. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು. ಆಳ 9 ಮೀಟರ್ ಇರಬಹುದಂತೆ. ರೆಸಿಸ್ಟಿವಿಟಿ ಲೈನ್ (ನೆಲಕ್ಕೆ ಕರೆಂಟ್ ಬಿಟ್ಟು ತಡೆ ಅಳೆಯುವುದು) ಹಾಕಿದರೆ ಕಾಣುತ್ತಾ? 48 ಎಲೆಕ್ಟ್ರೋಡ್ ಉಂಟು, 2 ಮೀಟರ್ ಅಂತರ.

ಬದಿಯಡ್ಕ ಬೋರ್:
ಬಾಯಾರು, ಪಡ್ರೆ ಕಡೆ ಸುರಂಗ ನೋಡಿದ್ದೀರಲ್ಲ, ಒಬ್ಬ ಆಳು ನಡೆಯುವಷ್ಟು ಮಾತ್ರ. ಅಗಲ ಒಂದು ಮೀಟರೂ ಇಲ್ಲ. 9 ಮೀಟರ್ ಆಳದಲ್ಲಿ ಅಷ್ಟು ಸಪೂರದ್ದು ಆ ಲೈನಿನಲ್ಲಿ ಕಾಣುವುದಿಲ್ಲ. ಕಾಣಲಿಲ್ಲ ಅಂದರೆ ಇಲ್ಲ ಅಂತಲೂ ಅಲ್ಲ. ಜಿಪಿಆರ್ (ನೆಲದೊಳಗೆ ನೋಡುವ ರೇಡಾರ್) ತರಬೇಡಿ, ಒದ್ದೆ ಶೇಡಿ ಅದರ ಸಿಗ್ನಲ್ ನುಂಗುತ್ತದೆ. ಸುರಂಗದ ಬಾಯಿ ತೆರೆದಿದ್ದರೆ ಟೇಪು, ದಿಕ್ಸೂಚಿ ಹಿಡಿದು ಅಳೆಯುವುದೇ ವಾಸಿ. ಒಬ್ಬರೇ ಹೋಗಬೇಡಿ, ಒಳಗೆ ಗಾಳಿ ಇರುವುದಿಲ್ಲ.

ಪೈವಳಿಕೆ ಪಾಯ:
ಬಾಯಿ ಕುಸಿದಿದೆ. ಅಜ್ಜನನ್ನೇ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಅವರು ತೋರಿಸಿದ ದಿಕ್ಕಿಗೆ ಅಡ್ಡವಾಗಿ ಮೂರು ಬೋರ್ ಹಾಕಿಸುತ್ತೇನೆ. ಸಿಕ್ಕಿದರೆ ಟ್ಯಾಂಕ್ ಜಾಗ ಬದಲು. ಇಂಜಿನಿಯರ್ ಒಪ್ಪಿದ್ದಾರೆ.