ಸುಕ್ಕು ತಡೆಯುವ ಕಿಟ್ ಹಚ್ಚಿ ಮುಖ ಉರಿಯುತ್ತಿದೆ, ನಿಲ್ಲಿಸಿದರೂ ಇಳಿಯುತ್ತಿಲ್ಲ – ಏನು ಮಾಡಲಿ?

ಮಾನ್ವಿಮೇಡಂ:

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಮನೆ ರಾಯಚೂರಿನಲ್ಲಿ, ಶಾಲೆ ಮಾನ್ವಿ ಹತ್ತಿರ. ಬಸ್‌ಸ್ಟ್ಯಾಂಡ್ ತನಕ ಸ್ಕೂಟಿ, ಅಲ್ಲಿಂದ ಬಸ್ಸು. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತೇ ಇದೆ. ಕಣ್ಣಿನ ಪಕ್ಕ ಗೆರೆ ಮೂಡಿವೆ, ಎರಡೂ ಕೆನ್ನೆ ಮೇಲೆ ಬಂಗು ಇದೆ. ಮೊದಲಿಂದಲೂ ನನ್ನದು ಬೇಗ ಕೆಂಪಾಗುವ ಚರ್ಮ.

ಯುಗಾದಿ ಮುಗಿದ ಮೇಲೆ ವಯಸ್ಸು ಕಾಣದಂತೆ ಮಾಡುವ ಕಿಟ್ ಅಂತ ಒಂದನ್ನು ತರಿಸಿದೆ. ಬೆಳಿಗ್ಗೆ ವಿಟಮಿನ್ ಸಿ ಸೀರಮ್. ರಾತ್ರಿ ಗ್ಲೈಕೋಲಿಕ್ ಆಸಿಡ್ ಟೋನರ್, ಅದರ ಮೇಲೆ ರೆಟಿನಾಲ್. ವಾರದೊಳಗೆ ಮೂಗಿನ ಪಕ್ಕ, ಬಾಯಿ ಸುತ್ತ ಸಿಪ್ಪೆ ಏಳತೊಡಗಿತು. ಎಲ್ಲ ನಿಲ್ಲಿಸಿದೆ. ಆದರೂ ಉರಿ ಹೋಗಿಲ್ಲ. ಈಗ ಬರೀ ನೀರು ತಾಗಿದರೂ ಚುರುಚುರು ಅನ್ನುತ್ತದೆ. ಮಧ್ಯಾಹ್ನ ಹೊರಗೆ ಹೋದರೆ ಮುಖ ಕೆಂಪಗೆ ಕಾದುಬಿಡುತ್ತದೆ.

ಈ ಉರಿ ಯಾವುದರಿಂದ? ಇಂಥ ಚರ್ಮ ಇರುವವರಿಗೆ ಸುಕ್ಕು ತಡೆಯುವ ದಾರಿ ಇದೆಯಾ, ಇಲ್ಲಾ ಆಸೆ ಬಿಟ್ಟುಬಿಡಲಾ?

ಬಳ್ಳಾರಿಫಾರ್ಮಸಿ:

ಅಕ್ಕಾ, ಆಸೆ ಬಿಡಬೇಡಿ. ದಾರಿ ಇದೆ. ಆದರೆ ಎಲ್ಲ ಆ ಕಿಟ್‌ನಿಂದಲೇ ಆಯಿತು ಅಂತ ನನಗೆ ಅನ್ನಿಸುತ್ತಿಲ್ಲ. ಆಸಿಡ್, ರೆಟಿನಾಲ್ ಒಟ್ಟಿಗೆ ಹಚ್ಚಿದರೆ ಯಾರಿಗಾದರೂ ಸಿಪ್ಪೆ ಏಳಬಹುದು. ಆದರೆ ನಿಲ್ಲಿಸಿದ ಮೇಲೆ ದಿನದಿಂದ ದಿನಕ್ಕೆ ಇಳಿಯಬೇಕಲ್ಲ? ನಿಮ್ಮದು ಇಳಿಯುತ್ತಿಲ್ಲ. ಅದಕ್ಕೇ ಕೆಲವು ಪ್ರಶ್ನೆ.

ಬಂಗಿಗೆ ಈ ಮುಂಚೆ ಏನಾದರೂ ಹಚ್ಚುತ್ತಿದ್ದಿರಾ? ಮೆಡಿಕಲ್‌ನಿಂದ ತಂದದ್ದು, ಪಾರ್ಲರ್‌ನವರು ಕೊಟ್ಟದ್ದು, ಹೆಸರೇ ಇಲ್ಲದ ಡಬ್ಬಿ, ಯಾವುದಿದ್ದರೂ ಹೇಳಿ. ಟ್ಯೂಬ್ ಇದ್ದರೆ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಓದಿ ಬರೆಯಿರಿ.

ಕೂದಲಿಗೆ ಕಪ್ಪು ಡೈ ಹಚ್ಚುತ್ತೀರಾ? ಹಣೆಯ ಅಂಚಲ್ಲಿ, ಕಿವಿ ಹಿಂದೆ ತುರಿಕೆ ಇದೆಯಾ? ಡೈಯಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ ಕೆಲವರಿಗೆ ಒಗ್ಗುವುದಿಲ್ಲ. ಹಚ್ಚುವುದು ಕೂದಲಿಗೆ, ತುರಿಸುವುದು ಮುಖ. ಇನ್ನು ಮುಖ ಯಾವುದರಿಂದ ತೊಳೆಯುತ್ತೀರಿ, ಯಾವ ನೀರು?

ಸಿಂಧನೂರುಗದ್ದೆ:

ನೀರಿನ ವಿಷಯ ನಾನು ಹೇಳುತ್ತೇನೆ. ನಮ್ಮ ಕಡೆ ಬೋರ್ ನೀರು ಬಹಳ ಕಡೆ ಗಡಸು. ಬಕೆಟ್‌ಗೆ ಬಿಳಿ ಪೊರೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ. ನೊರೆ ಬರಲಿ ಅಂತ ಇನ್ನೂ ಜಾಸ್ತಿ ಉಜ್ಜುತ್ತೇವೆ. ಆ ಸೋಪು ನೀರಿನ ಸುಣ್ಣದ ಅಂಶದ ಜೊತೆ ಸೇರಿ ಚರ್ಮದ ಮೇಲೆ ಅಂಟಿಕೊಂಡು ಕೂರುತ್ತದೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ನನ್ನ ಮಗಳ ಮುಖ ಹೀಗೇ ಒಣಗಿ ಬಿರಿಯುತ್ತಿತ್ತು. ಸೋಪು ಬಿಡಿಸಿ, ನೊರೆ ಕಡಿಮೆ ಇರುವ, ಸೋಪಿಲ್ಲದ ಕ್ಲೆನ್ಸರ್ ಕೊಟ್ಟೆವು. ಕೊನೆಗೆ ಒಂದು ಚೊಂಬು ಫಿಲ್ಟರ್ ನೀರು ಹಾಕಿಕೊಳ್ಳುತ್ತಾಳೆ. ಈಗ ಎಷ್ಟೋ ವಾಸಿ. ಬಿಸಿನೀರು ಮುಖಕ್ಕೆ ಬೇಡವೇ ಬೇಡ ರೀ.

ಮಾನ್ವಿಮೇಡಂ:

ಇಬ್ಬರಿಗೂ ಥ್ಯಾಂಕ್ಸ್. ಡೈ ಹಚ್ಚುವುದಿಲ್ಲ, ಮೆಹಂದಿ ಸೊಪ್ಪು ಮನೆಯಲ್ಲೇ ಅರೆದು ಹಚ್ಚುತ್ತೇನೆ. ತುರಿಕೆ ಇಲ್ಲ, ಉರಿ ಮಾತ್ರ. ನೀರು ಬೋರ್‌ನದು. ಮೈಗೆ ಹಚ್ಚುವ ಸೋಪೇ ಮುಖಕ್ಕೂ.

ಕ್ರೀಮ್ ಒಂದಿದೆ. ಬಂಗಿಗೆ ಅಂತ ಮೆಡಿಕಲ್‌ನಲ್ಲಿ ಕೇಳಿದಾಗ ಕೊಟ್ಟದ್ದು. ಹಚ್ಚಿದರೆ ಮುಖ ತಿಳಿಯಾಗುತ್ತಿತ್ತು, ಬಿಟ್ಟರೆ ಮತ್ತೆ ಕಪ್ಪು. ಹಾಗಾಗಿ ವರ್ಷಗಟ್ಟಲೆ ಬಿಡದೆ ಹಚ್ಚಿದ್ದೇನೆ. ಕಿಟ್ ಬಂದ ಮೇಲೆ ನಿಲ್ಲಿಸಿದೆ. ಟ್ಯೂಬ್ ಹಿಂದೆ ಹೀಗಿದೆ: ಹೈಡ್ರೋಕ್ವಿನೋನ್ 2%, ಟ್ರೆಟಿನಾಯಿನ್ 0.025%, ಮೊಮೆಟಾಸೋನ್ 0.1%. ಡಾಕ್ಟರ್ ಚೀಟಿ ಯಾರೂ ಕೇಳಲಿಲ್ಲ.

ಬಳ್ಳಾರಿಫಾರ್ಮಸಿ:

ಕಾರಣ ಸಿಕ್ಕಿತು ಅಕ್ಕಾ. ಮೂರನೆಯ ಹೆಸರು ನೋಡಿ, ಮೊಮೆಟಾಸೋನ್. ಅದು ಸ್ಟೀರಾಯ್ಡ್.

ಈ ಮೂರೂ ಔಷಧಗಳೇ, ಸೌಂದರ್ಯದ ಕ್ರೀಮ್ ಅಲ್ಲ. ಬಂಗಿಗೆ ಡಾಕ್ಟರ್ ಕಣ್ಣಳತೆಯಲ್ಲಿ ಕೆಲವು ವಾರ ಹಚ್ಚಿ ನಿಲ್ಲಿಸುವಂಥದ್ದು. ಸ್ಟೀರಾಯ್ಡ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಕೆಂಪು, ಉರಿ ಎಲ್ಲವನ್ನೂ ಅದುಮಿಡುತ್ತದೆ. ಅದಕ್ಕೇ ಮುಖ ತಿಳಿಯಾಗಿ ಕಾಣುತ್ತದೆ. ಆದರೆ ದಿನಾ ಹಚ್ಚುತ್ತಾ ಹೋದರೆ ಒಳಗೆ ಚರ್ಮವನ್ನು ಬಿಗಿಯಾಗಿಡುವ ಕಾಲಜನ್ ಕಡಿಮೆಯಾಗಿ ಚರ್ಮ ತೆಳುವಾಗುತ್ತದೆ. ಸುಕ್ಕು ಬೇಡ ಅನ್ನುವವರಿಗೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಕೆಲವರಿಗೆ ಕೆನ್ನೆಯಲ್ಲಿ ಕೆಂಪು ನರಗಳು ಕಾಣಿಸುತ್ತವೆ, ಮುಖದ ಮೇಲೆ ಕೂದಲು ಜಾಸ್ತಿಯಾಗುತ್ತದೆ, ಮೊಡವೆಯಂಥ ಗುಳ್ಳೆ ಏಳುತ್ತವೆ. ಒಮ್ಮೆಲೇ ನಿಲ್ಲಿಸಿದರೆ ಅದುಮಿಟ್ಟದ್ದೆಲ್ಲ ಎದ್ದು ಬರುತ್ತದೆ. ನೀರು ತಾಗಿದರೂ ಉರಿ, ಬಿಸಿಲು ತಡೆಯದಿರುವುದು, ನೀವು ಬರೆದದ್ದು ಥೇಟ್ ಅದೇ.

ಇನ್ನೊಂದು ಮಾತು. ಅದರಲ್ಲಿರುವ ಟ್ರೆಟಿನಾಯಿನ್ ನಿಮ್ಮ ಕಿಟ್‌ನ ರೆಟಿನಾಲ್‌ನ ಕುಟುಂಬದ್ದೇ, ಅದಕ್ಕಿಂತ ಬಲ ಜಾಸ್ತಿ. ಅಂದರೆ ಮೊದಲೇ ತೆಳುವಾಗಿದ್ದ ಚರ್ಮದ ಮೇಲೆ ಗ್ಲೈಕೋಲಿಕ್ ಆಸಿಡ್ ಮತ್ತು ರೆಟಿನಾಲ್ ಬಿತ್ತು. ಅದೇ ಹೊತ್ತಿಗೆ ಉರಿ ಅದುಮುತ್ತಿದ್ದ ಸ್ಟೀರಾಯ್ಡ್ ನಿಂತಿತು.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಮದುವೆ ಸೀಸನ್ ಬಂದರೆ ಸಾಕು, ಹೆಣ್ಣುಮಕ್ಕಳು ಕೌಂಟರ್ ಮುಂದೆ ನಿಂತು ಇದೇ ಟ್ಯೂಬ್ ಹೆಸರು ಹೇಳುತ್ತಾರೆ. ನನಗೆ ಸಂಕಟ ಆಗುತ್ತದೆ. ಓದುವವರೆಲ್ಲ ಇಂದೇ ನಿಮ್ಮ ಟ್ಯೂಬ್ ತಿರುಗಿಸಿ ನೋಡಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಫ್ಲೂಸಿನೋಲೋನ್, ಇವೆಲ್ಲ ಸ್ಟೀರಾಯ್ಡ್.

ಅಕ್ಕಾ, ನೀವು ಈಗ ಹೊಸ ಸೀರಮ್ ಹುಡುಕಬೇಡಿ. ಚರ್ಮದ ಡಾಕ್ಟರ್ ಹತ್ತಿರ ಹೋಗಿ. ರಾಯಚೂರಿನಲ್ಲಿ ರಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಅಲ್ಲಿ ಚರ್ಮರೋಗ ವಿಭಾಗ ಇದೆ. ಟ್ಯೂಬ್, ಕಿಟ್ ಎರಡನ್ನೂ ಜೊತೆಗೆ ಒಯ್ಯಿರಿ, ಎಷ್ಟು ಕಾಲ ಹಚ್ಚಿದಿರಿ ಅಂತ ಮುಚ್ಚಿಡದೆ ಹೇಳಿ. ಕೆಲವರಿಗೆ ಸ್ಟೀರಾಯ್ಡ್‌ಅನ್ನು ಹಂತಹಂತವಾಗಿ ಇಳಿಸುತ್ತಾರೆ, ಕೆಲವರಿಗೆ ಸ್ಟೀರಾಯ್ಡ್ ಅಲ್ಲದ ಬೇರೆ ಮುಲಾಮು ಕೊಡುತ್ತಾರೆ. ಅದು ಅವರು ಮುಖ ನೋಡಿ ಹೇಳಬೇಕಾದ್ದು. ಉರಿ ತಾಳಲಾರದೆ ನೀವೇ ಆ ಟ್ಯೂಬ್ ಮತ್ತೆ ಮುಟ್ಟಬೇಡಿ.

ಅಲ್ಲಿಯ ತನಕ ಬೆಳಿಗ್ಗೆ ಬರೀ ನೀರು. ರಾತ್ರಿ ಸಿಂಧನೂರಿನವರು ಹೇಳಿದಂಥ ಸೋಪಿಲ್ಲದ ಕ್ಲೆನ್ಸರ್. ಮುಖ ಇನ್ನೂ ಹಸಿ ಇರುವಾಗಲೇ ಪರಿಮಳ ಇಲ್ಲದ, ಸೆರಮೈಡ್ ಮತ್ತು ಗ್ಲಿಸರಿನ್ ಇರುವ ಮಾಯಿಶ್ಚರೈಸರ್. ನಮ್ಮ ಚರ್ಮದ ಮೇಲ್ಪದರದಲ್ಲಿ ಕೋಶಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ ತುಂಬಿರುತ್ತವೆ. ಒಳಗಿನ ನೀರು ಆರದಂತೆ, ಹೊರಗಿನದು ನುಗ್ಗದಂತೆ ತಡೆಯುವುದು ಅವೇ. ನಿಮ್ಮಲ್ಲಿ ಈಗ ಸೋತಿರುವುದು ಆ ಪದರ. ಸಿಪ್ಪೆ ಏಳುವ ಕಡೆ ಬರೀ ಪೆಟ್ರೋಲಿಯಂ ಜೆಲ್ಲಿ ಸಾಕು.

ಕಡ್ಲೆಹಿಟ್ಟು, ಸ್ಕ್ರಬ್, ಹಬೆ, ಬ್ಲೀಚ್, ಫೇಶಿಯಲ್ ಯಾವುದೂ ಬೇಡ. ಲಿಂಬೆರಸವಂತೂ ಮುಟ್ಟಲೇಬೇಡಿ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ.

ಕಿನ್ನಾಳದವ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ರೆಟಿನಾಲ್ ಬದಲು ಬಾಕುಚಿಯೋಲ್ ಹಚ್ಚಬಹುದು, ಉರಿ ಕಡಿಮೆ ಅಂತ ಓದಿದೆ. ಅದು ನಮ್ಮ ಬಾವಂಚಿ ಬೀಜದ್ದೇ ಅಲ್ವಾ? ಕೊಪ್ಪಳದಲ್ಲಿ ಆಯುರ್ವೇದ ಅಂಗಡಿಯಲ್ಲಿ ಪುಡಿ ಸಿಗುತ್ತದೆ. ಮೊಸರಲ್ಲಿ ಕಲಸಿ ಹಚ್ಚಿದರೆ ಆಗುತ್ತಾ? ನಮ್ಮ ಅತ್ತಿಗೆ ಕೇಳುತ್ತಿದ್ದಾರೆ.

ಬಳ್ಳಾರಿಫಾರ್ಮಸಿ:

ತಮ್ಮಾ, ಕೇಳಿದ್ದು ಒಳ್ಳೆಯದಾಯಿತು. ಪುಡಿ ಹಚ್ಚಬೇಡಿ ಅಂತ ಅತ್ತಿಗೆಗೆ ಈಗಲೇ ಫೋನ್ ಮಾಡಿ ಹೇಳು. ಬಾವಂಚಿ ಬೀಜದಲ್ಲಿ ಸೋರಲೆನ್ ಅನ್ನುವ ಅಂಶ ಇದೆ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ತೊನ್ನಿಗೆ ಕೊಡುವ ಚಿಕಿತ್ಸೆಯಲ್ಲಿ ಇದೇ ಗುಣವನ್ನು ಅಳೆದು ತೂಗಿ ಬಳಸುತ್ತಾರೆ. ಮುಖಕ್ಕೆ ಸುಮ್ನೆ ಕಲಸಿ ಹಚ್ಚುವ ವಸ್ತು ಅಲ್ಲ, ಅದೂ ನಮ್ಮ ಬಿಸಿಲಲ್ಲಿ.

ಬಾಕುಚಿಯೋಲ್ ಅಂದರೆ ಆ ಬೀಜದಿಂದ ಬೇರ್ಪಡಿಸಿ ಶುದ್ಧ ಮಾಡಿದ ಒಂದೇ ಅಂಶ. 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಒಂದು ಅಧ್ಯಯನ ಬಂದಿತ್ತು. 44 ಜನ, 12 ವಾರ. ಕೆಲವರಿಗೆ 0.5% ಬಾಕುಚಿಯೋಲ್ ದಿನಕ್ಕೆರಡು ಸಲ, ಉಳಿದವರಿಗೆ 0.5% ರೆಟಿನಾಲ್ ದಿನಕ್ಕೊಮ್ಮೆ. ಸುಕ್ಕು, ಕಪ್ಪು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಫಲ. ಸಿಪ್ಪೆ, ಚುರುಚುರು ರೆಟಿನಾಲ್‌ನವರಲ್ಲಿ ಜಾಸ್ತಿ. ಅಧ್ಯಯನ ಚಿಕ್ಕದು, ರೆಟಿನಾಲ್ ಬಗೆಗಿರುವಷ್ಟು ಆಧಾರ ಇನ್ನೂ ಇಲ್ಲ. ಆದರೂ ಸೂಕ್ಷ್ಮ ಚರ್ಮದವರು ಸೀರಮ್ ರೂಪದಲ್ಲಿ ಪ್ರಯತ್ನಿಸಬಹುದು.

ಮಾನ್ವಿಮೇಡಂ:

ರಿಮ್ಸ್‌ಗೆ ಹೋಗಿಬಂದೆ. ನೀವು ಹೇಳಿದ್ದೇ ನಿಜ. ಡಾಕ್ಟರ್ ಟ್ಯೂಬ್ ನೋಡಿದ ಕೂಡಲೇ ಇದೇ ಕಾರಣ ಅಂದರು. ಸ್ಟೀರಾಯ್ಡ್ ಅಲ್ಲದ ಮುಲಾಮು ಬರೆದುಕೊಟ್ಟು, ಮತ್ತೆ ಬರಲು ಹೇಳಿದ್ದರು. ಎರಡನೇ ಸಲವೂ ಹೋದೆ. ಈಗ ನೀರು ತಾಗಿದರೆ ಉರಿಯುವುದಿಲ್ಲ. ಕೆಂಪು ಇನ್ನೂ ಸ್ವಲ್ಪ ಇದೆ. ಬಂಗು ಮೊದಲಿಗಿಂತ ಕಪ್ಪಾಗಿ ಕಾಣುತ್ತದೆ, ಅದಕ್ಕೆ ಅವಸರ ಮಾಡಬೇಡಿ ಅಂದಿದ್ದಾರೆ.

ಸನ್‌ಸ್ಕ್ರೀನ್ ಶುರು ಮಾಡಲು ಹೇಳಿದ್ದಾರೆ. ಒಂದು ತಂದೆ, ಕಣ್ಣಿನ ಸುತ್ತ ಉರಿಯಿತು. ಇನ್ನೊಂದು ಹಚ್ಚಿದರೆ ಮುಖ ಬೆಳ್ಳಗೆ ಕಂಡು ಮಕ್ಕಳು ನಗುತ್ತವೆ. ಯಾವುದು ತರಲಿ?

ಬಳ್ಳಾರಿಫಾರ್ಮಸಿ:

ಬಹಳ ಖುಷಿಯಾಯಿತು ಅಕ್ಕಾ. ಸನ್‌ಸ್ಕ್ರೀನ್ ಬಗ್ಗೆ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಸುಕ್ಕು ತಡೆಯುವುದರಲ್ಲಿ ಮೊದಲ ಸ್ಥಾನ ಇದಕ್ಕೇ. ಆಸ್ಟ್ರೇಲಿಯಾದ ನ್ಯಾಂಬೋರ್ ಊರಿನಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ನೋಡಿದರು, ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಮುಪ್ಪಾಗುವುದು, ಮನಸ್ಸು ಬಂದಾಗ ಹಚ್ಚಿದವರಿಗಿಂತ 24% ಕಡಿಮೆ ಇತ್ತು.

ಉರಿದದ್ದರಲ್ಲಿ ಅವೊಬೆಂಜೋನ್‌ನಂಥ, ಬಿಸಿಲು ತಡೆಯುವ ರಾಸಾಯನಿಕ ಇರಬೇಕು. ಬೆವರಿನ ಜೊತೆ ಕಣ್ಣಿಗಿಳಿದರೆ ಉರಿಯುತ್ತದೆ. ಸೂಕ್ಷ್ಮ ಚರ್ಮಕ್ಕೆ ಜಿಂಕ್ ಆಕ್ಸೈಡ್ ಇರುವ ಮಿನರಲ್ ಸನ್‌ಸ್ಕ್ರೀನ್ ಒಳ್ಳೆಯದು. ಬೆಳ್ಳಗೆ ಕಾಣುವುದು ಅದೇ. ಅದಕ್ಕೆ ಬಣ್ಣ ಬೆರೆಸಿದ, ಅಂದರೆ ಐರನ್ ಆಕ್ಸೈಡ್ ಇರುವ ಟಿಂಟೆಡ್ ಸನ್‌ಸ್ಕ್ರೀನ್ ತನ್ನಿ. ನಮ್ಮ ಮೈಬಣ್ಣಕ್ಕೆ ಹೊಂದುತ್ತದೆ. ಬಂಗು ಇರುವವರಿಗೆ ಇನ್ನೊಂದು ಲಾಭ ಇದೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪು ಮಾಡುತ್ತದೆ, ಅದನ್ನು ಐರನ್ ಆಕ್ಸೈಡ್ ತಡೆಯುತ್ತದೆ.

ಬಿಸಿಲು ತಡೆಯುವ ಅಳತೆ, ಅಂದರೆ ಎಸ್‌ಪಿಎಫ್, 30 ಅಥವಾ 50 ಇರಲಿ. 30 ಇರುವುದು ಬಿಸಿಲಲ್ಲಿ ಚರ್ಮ ಸುಡುವ ಯುವಿಬಿ ಕಿರಣದ ಸುಮಾರು 97% ತಡೆಯುತ್ತದೆ, 50 ಇರುವುದು 98%. ವ್ಯತ್ಯಾಸ ಅಷ್ಟೇ. ಎಷ್ಟು ಹಚ್ಚುತ್ತೀರಿ ಅನ್ನುವುದೇ ಮುಖ್ಯ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿಕೊಂಡರೆ ಮುಖ, ಕತ್ತಿಗೆ ಸರಿ. ಸುಕ್ಕು ತರುವುದು ಹೆಚ್ಚಾಗಿ ಬಿಸಿಲಿನ ಇನ್ನೊಂದು ಕಿರಣ, ಯುವಿಎ. ಅದು ಗಾಜಿನ ಮೂಲಕವೂ ಬರುತ್ತದೆ, ಬಸ್ಸಿನ ಕಿಟಕಿ ಮುಚ್ಚಿದ್ದರೂ ಹಚ್ಚಿಯೇ ಇರಬೇಕು. ಡಬ್ಬಿ ಮೇಲೆ ಪಿಎ ಪಕ್ಕದಲ್ಲಿ ಪ್ಲಸ್ ಗುರುತು ಜಾಸ್ತಿ ಇದ್ದಷ್ಟೂ ಯುವಿಎ ತಡೆ ಜಾಸ್ತಿ. ಹೊರಗಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಿ.

ಟ್ಯೂಬನ್ನು ಸ್ಕೂಟಿ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ. ಆ ಕಾವಿಗೆ ಕೆಡುತ್ತದೆ. ಮೇಲೆ ಹತ್ತಿ ಸ್ಕಾರ್ಫ್, ಕೊಡೆ ಇದ್ದೇ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರುಗಳಲ್ಲಿ 40 ಡಿಗ್ರಿ ದಾಟುತ್ತದೆ, ಕ್ರೀಮ್ ಒಂದನ್ನೇ ನಂಬಿದರೆ ಆಗುವುದಿಲ್ಲ.

ಮಾನ್ವಿಮೇಡಂ:

ಟಿಂಟೆಡ್ ಸಿಕ್ಕಿತು, ಉರಿ ಇಲ್ಲ. ಮುಖಕ್ಕೂ ಹೊಂದುತ್ತದೆ. ಹಾಗಾದರೆ ಕಿಟ್‌ನ ಸೀರಮ್‌ಗಳನ್ನು ಎಸೆದುಬಿಡಲಾ? ರೆಟಿನಾಲ್ ಎಂದಾದರೂ ಹಚ್ಚಬಹುದಾ? ಕತ್ತಿನಲ್ಲೂ ಗೆರೆ ಬಂದಿವೆ.

ಬಳ್ಳಾರಿಫಾರ್ಮಸಿ:

ವಿಟಮಿನ್ ಸಿ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ, ಗಾಳಿ, ಕಾವಿಗೆ ಕೆಟ್ಟಿದೆ ಅಂತ ಅರ್ಥ. ಅದರಲ್ಲಿರುವ ಆಸ್ಕಾರ್ಬಿಕ್ ಆಸಿಡ್ ಹುಳಿ ಗುಣದ್ದು, ನಿಮಗೆ ಚುರುಗುಟ್ಟುವುದು ಸಹಜ. ಗ್ಲೈಕೋಲಿಕ್ ಟೋನರ್ ಯಾರಿಗಾದರೂ ಕೊಡುವ ಬದಲು ಬದಿಗಿಡಿ.

ರೆಟಿನಾಲ್ ಬೇಸಿಗೆಯಲ್ಲಿ ಬೇಡ. ಮೃಗಶಿರ ಮಳೆ ಹಿಡಿದು, ಗಾಳಿಯಲ್ಲಿ ತೇವ ಬಂದ ಮೇಲೆ ನೋಡೋಣ, ಅದೂ ಡಾಕ್ಟರ್ ಒಪ್ಪಿದರೆ. ಅದಕ್ಕೂ ಮುಂಚೆ 4 ಅಥವಾ 5% ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಒಂದನ್ನೇ ಹಚ್ಚಿ ನೋಡಿ. ಮೇಲ್ಪದರಕ್ಕೆ ಬಲ ಕೊಡುತ್ತದೆ, ಬಂಗಿಗೂ ಸ್ವಲ್ಪ ಸಹಾಯ. ಯಾವುದೇ ಹೊಸದನ್ನು ಮೊದಲು ಮೊಣಕೈ ಒಳಬದಿಯಲ್ಲಿ ಒಂದು ವಾರ, ಹತ್ತು ದಿನ ದಿನಕ್ಕೆರಡು ಸಲ ಹಚ್ಚಿ. ಕೆಂಪಾಗದಿದ್ದರೆ ಮಾತ್ರ ಮುಖಕ್ಕೆ. ಒಂದು ಒಗ್ಗಿದ ಮೇಲೆಯೇ ಇನ್ನೊಂದು. ಇಲ್ಲದಿದ್ದರೆ ಯಾವುದು ಉರಿಸಿತು ಅಂತ ಗೊತ್ತೇ ಆಗುವುದಿಲ್ಲ.

ರೆಟಿನಾಲ್ ಶುರು ಮಾಡುವ ದಿನ ಬಂದರೆ 0.1% ಸಾಕು. ವಾರಕ್ಕೆ ಎರಡು ರಾತ್ರಿ. ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಬಟಾಣಿ ಕಾಳಿನಷ್ಟು ರೆಟಿನಾಲ್, ಮತ್ತೆ ಮಾಯಿಶ್ಚರೈಸರ್. ಕಣ್ಣಂಚು, ಮೂಗಿನ ಮೂಲೆ, ತುಟಿಯಂಚು ಬಿಡಿ. ಗೆರೆಯಲ್ಲಿ ಬದಲಾವಣೆ ಕಾಣಲು ಮೂರು ತಿಂಗಳಾದರೂ ಬೇಕು. ಓದುತ್ತಿರುವ ತಂಗಿಯರಲ್ಲಿ ಯಾರಾದರೂ ಬಸುರಿ ಇದ್ದರೆ ಅಥವಾ ಮಗುವಿಗೆ ಪ್ರಯತ್ನಿಸುತ್ತಿದ್ದರೆ ರೆಟಿನಾಲ್, ಟ್ರೆಟಿನಾಯಿನ್ ಎರಡೂ ಬೇಡ.

ಕತ್ತಿಗೆ ಈಗ ರೆಟಿನಾಲ್ ಬೇಡ ಅಕ್ಕಾ. ಅಲ್ಲಿ ಎಣ್ಣೆ ಗ್ರಂಥಿ ಕಡಿಮೆ, ಮುಖಕ್ಕಿಂತ ಬೇಗ ಉರಿಯುತ್ತದೆ. ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಎರಡನ್ನೂ ಕಾಲರ್ ಮೂಳೆ ತನಕ ಎಳೆದು ಹಚ್ಚಿ. ಸೀರೆ ಉಟ್ಟಾಗ ಬೆನ್ನ ಮೇಲ್ಭಾಗವೂ ಬಿಸಿಲಿಗೆ ತೆರೆದಿರುತ್ತದೆ, ಅಲ್ಲಿಗೂ ಹಚ್ಚಿ. ಡಾಕ್ಟರ್ ಹತ್ತಿರ ಮುಂದಿನ ಸಲ ಹೋದಾಗ ಬಂಗಿಗೆ ಅಜೆಲಾಯಿಕ್ ಆಸಿಡ್ ಆಗುತ್ತದಾ ಅಂತ ಕೇಳಿ ಬನ್ನಿ. ಅವರು ಏನು ಹೇಳಿದರು ಅಂತ ಇಲ್ಲೇ ಬರೆಯಿರಿ, ಅದೇ ಟ್ಯೂಬ್ ಹಿಡಿದು ಬರುವ ಇನ್ನೊಬ್ಬರಿಗೆ ಬೇಕಾಗುತ್ತದೆ.