ಅಂಗಡಿ ಗೊತ್ತು, ಮುಂಗಟ್ಟು ಯಾವುದು?

ಗೆಳೆಯರೇ,

ಒಂದು ಪದದ ಹಿಂದೆ ಬಿದ್ದು ಮೂರು ವಾರ ಆಯಿತು. ಹೊಸ ಪದವೇನಲ್ಲ. ‘ಬಂದ್ ಕರೆಗೆ ಓಗೊಟ್ಟು ಅಂಗಡಿ ಮುಂಗಟ್ಟುಗಳು ಮುಚ್ಚಿದ್ದವು’ ಅಂತ ಪತ್ರಿಕೆಯಲ್ಲಿ ಓದುತ್ತೇವಲ್ಲ, ಆ ಮುಂಗಟ್ಟು. ಅಂಗಡಿ ಯಾವುದು ಅಂತ ಎಲ್ಲರಿಗೂ ಗೊತ್ತು. ಮುಂಗಟ್ಟನ್ನು ಬೆರಳಿಟ್ಟು ತೋರಿಸಿ ಅಂದರೆ ಎಲ್ಲಿ ತೋರಿಸುತ್ತೀರಿ?

ಇದು ಯಾಕೆ ಬಂತು ಅಂತ ಹೇಳಿಬಿಡುತ್ತೇನೆ. ನನ್ನ ತಂಗಿಯ ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಮೈಸೂರಿನ ಹಳೇ ಪೇಟೆಯಲ್ಲಿ, ದೇವರಾಜ ಮಾರುಕಟ್ಟೆಯಿಂದ ಕೂಗಳತೆ ದೂರದಲ್ಲಿ, ಒಂದು ಹಳೇ ಅಂಗಡಿ ಸಾಲಿದೆ. ಅವಳೂ ಅವಳ ಗೆಳತಿಯರೂ ಅದನ್ನು ಅಳೆದು, ಚಿತ್ರ ಬರೆದು, ಫೋಟೋ ತೆಗೆದು ದಾಖಲೆ ಮಾಡುತ್ತಿದ್ದಾರೆ. ಒಂದೊಂದು ಅಂಗಡಿಗೂ ಒಂದೊಂದು ಹಾಳೆ. ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅಂಗಡಿಯವರು ‘ನಮ್ಮ ಅಂಗಡಿ ಬಗ್ಗೆ ಏನೇನೋ ಬರ್ಕೋತಿದೀರಿ, ಏನದು ಓದಿ ಹೇಳಿ’ ಅಂದರಂತೆ. ‘ಮಾಮ, ಇದನ್ನ ಕನ್ನಡ ಮಾಡಿಕೊಡು’ ಅಂತ ಹುಡುಗಿ ನನ್ನ ಹತ್ತಿರ ಬಂದಳು. ಸಂಜೆಯೊಳಗೆ ಮುಗಿಯುವ ಕೆಲಸ ಅಂದುಕೊಂಡೆ.

ಮೈಸೂರಿನಲ್ಲಿ ಈ ಕೆಲಸಕ್ಕೆ ಒಂದು ಅವಸರವೂ ಇದೆ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ತೀರಿಕೊಂಡರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಬಿತ್ತು. ಅದೂ ಸರಿಮಾಡುವ ಕೆಲಸ ನಡೆಯುತ್ತಿದ್ದಾಗಲೇ. ಕೆಡವಿ ಹಾಗೇ ಹೊಸದಾಗಿ ಕಟ್ಟಬೇಕೋ, ಇರುವುದನ್ನೇ ಗಟ್ಟಿ ಮಾಡಬೇಕೋ ಅನ್ನುವ ವಾದ ಹೈಕೋರ್ಟ್ ತನಕ ಹೋಯಿತು. ‘ಹಾಗೇ’ ಕಟ್ಟುವುದಾದರೂ ಹೇಗಿತ್ತು ಅಂತ ಮೊದಲು ಬರೆದಿಟ್ಟಿರಬೇಕಲ್ವಾ? ಬಿದ್ದ ಮೇಲೆ ಫೋಟೋ ಹುಡುಕಿದರೆ ಮದುವೆ ಮೆರವಣಿಗೆ ಹಿಂದೆ ಅರ್ಧ ಕಮಾನು ಕಂಡರೆ ಪುಣ್ಯ.

ಹಾಳೆಯ ಮೊದಲ ಸಾಲಿನಲ್ಲೇ ಎಡವಿದೆ. ಹುಡುಗಿಯರು ತಾವೇ ಸ್ವಲ್ಪ ಕನ್ನಡ ಮಾಡಿದ್ದರು. ‘ಮಾಳಿಗೆ ಸಂಖ್ಯೆ 14’ ಅಂತಿತ್ತು. ಇರುವುದೇ ಎರಡು ಅಂತಸ್ತು, ಹದಿನಾಲ್ಕನೇ ಮಾಳಿಗೆ ಎಲ್ಲಿಂದ ಬಂತು? ಅವರು ಬರೆಯಬೇಕಿದ್ದದ್ದು ‘ಮಳಿಗೆ’. ಒಂದು ದೀರ್ಘದಲ್ಲಿ ಅಂಗಡಿ ಹೋಗಿ ಅಟ್ಟ ಹತ್ತಿತು. ಮಳಿಗೆ ಅಂದರೆ ಬಾಡಿಗೆಗೆ ಕೊಡುವ ಕೋಣೆ. ಮಾಳಿಗೆ ಅಂದರೆ ಮೇಲಂತಸ್ತು, ಇಲ್ಲವೇ ಮಟ್ಟಸ ಚಾವಣಿ.

ಹಾಗಾದರೆ ಮಳಿಗೆಯೂ ಅಂಗಡಿಯೂ ಒಂದೇನಾ? ಬರೆಯುತ್ತಾ ಹೋದಂತೆ ಅಲ್ಲ ಅನ್ನಿಸಿತು. ಅಂಗಡಿ ಅಂದರೆ ವ್ಯಾಪಾರವೂ ಹೌದು. ‘ಅಪ್ಪನ ಕಾಲದಲ್ಲಿ ಅಂಗಡಿ ಚೆನ್ನಾಗಿ ನಡೀತಿತ್ತು’ ಅಂತೇವೆ. ಮಳಿಗೆ ನಡೆಯುವುದಿಲ್ಲ. ನಗರಸಭೆಯವರು ಹರಾಜು ಹಾಕುವುದು ಮಳಿಗೆಯನ್ನು, ಅಂಗಡಿಯನ್ನಲ್ಲ. ಅಂಗಡಿ ಎತ್ತಿಕೊಂಡು ಹೋಗಬಹುದು, ಮಳಿಗೆ ಅಲ್ಲೇ ಇರುತ್ತದೆ. ದಾಖಲೆಗೆ ಈ ವ್ಯತ್ಯಾಸ ತುಂಬಾ ಉಪಯೋಗಕ್ಕೆ ಬಂತು. ಮಳಿಗೆ ಅನ್ನುವ ಕಡೆ ಅಳತೆ, ಗೋಡೆ, ಬಾಗಿಲು. ಅಂಗಡಿ ಅನ್ನುವ ಕಡೆ ಯಾರು ಯಾವಾಗ ಏನು ಮಾರಿದರು ಅನ್ನುವ ಕಥೆ. ಇಂಗ್ಲಿಷ್ ಹಾಳೆಯಲ್ಲಿ ಎರಡಕ್ಕೂ ಒಂದೇ ಮಾತು ಹಾಕಿ ಕೂಡಿಸಿಬಿಟ್ಟಿದ್ದರು.

ಈಗ ಮುಂಗಟ್ಟಿಗೆ ಬರೋಣ. ಕಟ್ಟಡದ ರಸ್ತೆ ಕಡೆಯ ಮುಖಕ್ಕೆ ಒಂದು ಪದ ಬೇಕಿತ್ತು. ಕಮಾನು, ಕಂಬ, ಕಟ್ಟಿದ ಇಸವಿ ಕೆತ್ತಿದ ನೆತ್ತಿ, ಮರದ ಜಾಲರಿ, ಎಲ್ಲ ಸೇರಿದ ಆ ಎದುರಿನ ಮೈ. ‘ಮುಂಭಾಗ’ ಅಂತ ಬರೆದು ನೋಡಿದೆ. ಅದು ಸಡಿಲ. ‘ಕಟ್ಟಡದ ಮುಂಭಾಗದಲ್ಲಿ ಗಾಡಿ ನಿಲ್ಲಿಸಬೇಡಿ’ ಅಂದಾಗ ಮುಂಭಾಗ ಅಂದರೆ ರಸ್ತೆ. ‘ಮುಖಮಂಟಪ’ ಅಂದರೆ ದೇವಸ್ಥಾನ ಕಣ್ಮುಂದೆ ಬರುತ್ತದೆ. ಆಗ ಮುಂಗಟ್ಟು ನೆನಪಾಗಿ ಖುಷಿಯಾಯಿತು. ಅಂಗಡಿಯ ಜೊತೆಯಲ್ಲೇ ಹುಟ್ಟಿದ ಹಾಗಿರುವ ಪದ. ಮುಂ, ಕಟ್ಟು. ಮುಂಗೈ, ಮುಂಗಾಲು, ಮುಂಗಾರಿನ ಹಾಗೆ ಕಕಾರ ಗಕಾರವಾಗಿದೆ. ಮುಂದಿನ ಕಟ್ಟು. ಇನ್ನೇನು ಬೇಕು?

ಖುಷಿಯಲ್ಲಿ ಹಾಳೆ ಹಿಡಿದುಕೊಂಡು ಪೇಟೆಗೆ ಹೋದೆ. ಅಲ್ಲಿ ಕೆಟ್ಟಿತು ನೋಡಿ.

ಮೊದಲು ಹಳೇ ಮೇಸ್ತ್ರಿಯೊಬ್ಬರನ್ನು ಕೇಳಿದೆ. ಸುಣ್ಣದ ಕೆಲಸ ಬಲ್ಲವರು. ‘ಮುಂಗಟ್ಟು ಅಂದ್ರೆ ಎದುರು ಗೋಡೆ ಸಾರ್, ಇನ್ನೇನು’ ಅಂದರು. ಗೆದ್ದೆ ಅಂದುಕೊಂಡೆ. ಪಕ್ಕದ ಬಳೆ ಅಂಗಡಿಯ ಯಜಮಾನರು ತಲೆ ಆಡಿಸಿದರು. ಅವರ ಪ್ರಕಾರ ಮುಂಗಟ್ಟು ಅಂದರೆ ಅಂಗಡಿ ಮುಂದೆ ಕಟ್ಟುವ ತಗಡಿನ ಇಳಿಜಾರು. ‘ಕಟ್ಟೋದಕ್ಕೆ ತಾನೇ ಕಟ್ಟು ಅನ್ನೋದು? ಗೋಡೆನ ಮುಂದೆ ಕಟ್ಟಿರ್ತಾರಾ?’ ಚಪ್ಪರ ಕಟ್ಟು, ಪರದೆ ಕಟ್ಟು ಅನ್ನುವ ಕಟ್ಟು ಅವರದು. ಮೂಲೆಯಲ್ಲಿ ಹೂವು ಮಾರುವ ಅಮ್ಮ ನಕ್ಕು, ತಾವು ಕೂತಿದ್ದ ಮರದ ಹಲಗೆಯನ್ನು ತಟ್ಟಿ ತೋರಿಸಿದರು. ‘ಇದೇ ಮುಂಗಟ್ಟು. ನಮ್ಮತ್ತೆ ಕಾಲದಿಂದ ಇದೆ. ನಂಗೆ ಅಂಗಡಿ ಇಲ್ಲ, ಬರೀ ಮುಂಗಟ್ಟು.’

ಮೂವರೂ ತಮಾಷೆ ಮಾಡುತ್ತಿರಲಿಲ್ಲ. ಮೂವರೂ ದಿನಾ ಅಂಗಡಿ ಸಾಲಿನಲ್ಲೇ ಇರುವವರು. ಹೂವಿನಮ್ಮನ ಮಾತಂತೂ ನನ್ನ ತಲೆಯಲ್ಲೇ ಉಳಿದುಬಿಟ್ಟಿತು. ಕಟ್ಟು ಮತ್ತು ಕಟ್ಟೆ ಅವರ ಬಾಯಲ್ಲಿ ಒಂದೇ ಆಗಿದೆಯಾ ಅಂತ ಮೊದಲು ಅನುಮಾನಪಟ್ಟೆ. ಆದರೆ ಎದುರಿನ ಕಲ್ಲು ಜಗಲಿಯನ್ನು ಅವರೇ ಕಟ್ಟೆ ಅಂದರು, ಹಲಗೆಯನ್ನು ಮುಂಗಟ್ಟು ಅಂದರು. ಬೆರೆಸಿಲ್ಲ.

ಇನ್ನೊಂದು ದಾರಿಯೂ ಇದೆ. ಇದು ಬರೀ ಜೋಡುನುಡಿ, ಎರಡನೇದಕ್ಕೆ ಅರ್ಥ ಹುಡುಕಬಾರದು ಅಂತ ನಿಮ್ಮಲ್ಲಿ ಕೆಲವರು ಹೇಳಬಹುದು. ಹಣ್ಣುಹಂಪಲು, ಬಟ್ಟೆಬರೆ, ಪಾತ್ರೆಪಗಡೆ, ಆಸ್ತಿಪಾಸ್ತಿ ಇದ್ದ ಹಾಗೆ. ಪಾಸ್ತಿ ಎಲ್ಲಿದೆ ತೋರಿಸಿ ಅಂತ ಯಾರೂ ಕೇಳುವುದಿಲ್ಲ. ನಾನು ಇದನ್ನು ಒಪ್ಪುವುದಿಲ್ಲ. ಪಾಸ್ತಿ ಸುಮ್ನೆ ಆಸ್ತಿಯ ಪ್ರಾಸಕ್ಕೆ ಹುಟ್ಟಿದ ಪದ. ಮುಂಗಟ್ಟು ಅಂಗಡಿಗೆ ಪ್ರಾಸ ಆಗುವುದಿಲ್ಲ, ಅದಕ್ಕೆ ತನ್ನದೇ ಬೇರಿದೆ. ಇದು ಹೊಲಗದ್ದೆ, ದನಕರು ಜಾತಿಯದು. ಎರಡೂ ನಿಜವಾದ ವಸ್ತುಗಳೇ.

ಪದ ಯಾವುದಾದರೇನು ಅನ್ನಬೇಡಿ. ನಾಳೆ ಈ ಹಾಳೆ ನೋಡಿಕೊಂಡು ಯಾರೋ ಒಂದು ನಿಯಮ ಬರೆಯುತ್ತಾರೆ. ‘ಮುಂಗಟ್ಟನ್ನು ಯಾವುದೇ ಕಾರಣಕ್ಕೂ ಬದಲಿಸಕೂಡದು’ ಅಂತಿಟ್ಟುಕೊಳ್ಳಿ. ಬರೆದವರ ಮನಸ್ಸಿನಲ್ಲಿ ಕಮಾನು ಇರುತ್ತದೆ. ಬಳೆ ಅಂಗಡಿಯವರು ತಮ್ಮ ತಗಡಿಗೆ ರಕ್ಷಣೆ ಸಿಕ್ಕಿತು ಅಂದುಕೊಳ್ಳುತ್ತಾರೆ. ಆ ತಗಡಿನ ಮೊಳೆ ಹೊಡೆದದ್ದೇ ಕಮಾನಿನ ಗಾರೆ ಹೂವಿನ ಮೇಲೆ! ಇನ್ನೊಂದು ಕಡೆ, ‘ಮುಂಗಟ್ಟು ತೆರವು’ ಅಂತ ಆದೇಶ ಬಂದರೆ ಹೋಗುವುದು ಹೂವಿನಮ್ಮನ ಹಲಗೆ.

ಸರಿ, ಮುಂಗೋಡೆ ಅನ್ನೋಣ ಅಂದರೆ ಈ ಸಾಲಿಗೆ ಎದುರಿನಲ್ಲಿ ಗೋಡೆಯೇ ಇಲ್ಲ. ಕೆಳಗೆ ಕಂಬ, ಕಮಾನು, ಅದರ ಹಿಂದೆ ಜನ ನಡೆಯುವ ನೆರಳಿನ ದಾರಿ, ಆಮೇಲೆ ಮಳಿಗೆಯ ಬಾಗಿಲು. ಆ ನೆರಳಿನ ದಾರಿಗೆ ಮಾತ್ರ ‘ಮೊಗಸಾಲೆ’ ಅಂತ ಧೈರ್ಯವಾಗಿ ಬರೆದಿದ್ದೇನೆ. ಅಂಗಡಿಯವರು ಅದನ್ನು ವರಾಂಡ ಅಂತಾರೆ. ಅದನ್ನೂ ಪಕ್ಕದಲ್ಲಿ ಬರೆದಿದ್ದೇನೆ.

ಇನ್ನೂ ಕೆಲವು ಪದಗಳು ಕೈಕೊಟ್ಟವು. ಬೇಗ ಹೇಳಿ ಮುಗಿಸುತ್ತೇನೆ.

ಕಟ್ಟಡವನ್ನು ಎದುರಿನಿಂದ ನೋಡಿ ಬರೆದ ಚಿತ್ರಕ್ಕೆ ಹುಡುಗಿಯರು ‘ಮುನ್ನೋಟ’ ಅಂತ ಹಾಕಿದ್ದರು. ಮೇಲಿನಿಂದ ನೋಡಿದ್ದಕ್ಕೆ ‘ಮೇಲ್ನೋಟ’. ಪದ ಕಟ್ಟಿದ ರೀತಿಯಲ್ಲಿ ತಪ್ಪಿಲ್ಲ. ಆದರೆ ಮುನ್ನೋಟ ಅಂದರೆ ಈಗ ಮುಂದೇನಾಗುತ್ತದೆ ಅನ್ನುವ ನೋಟ. ‘ಮೇಲ್ನೋಟಕ್ಕೆ ಚಾವಣಿ ಗಟ್ಟಿಯಾಗಿದೆ’ ಅಂತ ದಾಖಲೆಯಲ್ಲಿ ಬರೆದರೆ ಚಿತ್ರದಲ್ಲಿ ಗಟ್ಟಿ ಅಂತಲೋ, ಸರಿಯಾಗಿ ನೋಡಿಲ್ಲ ಅಂತಲೋ? ‘ಎದುರಿನ ಚಿತ್ರ’, ‘ಮೇಲಿನ ಚಿತ್ರ’ ಅಂತ ತಿದ್ದಿದೆ.

ಗಾರೆಯದು ಇನ್ನೂ ದೊಡ್ಡ ತಾಪತ್ರಯ. ಹಿಂದೆ ಗಾರೆ ಅಂದರೆ ಸುಣ್ಣ, ಮರಳು, ಇಟ್ಟಿಗೆ ಪುಡಿ ಹಾಕಿ ಎತ್ತಿನ ಗಾಣದಲ್ಲಿ ಅರೆದದ್ದು. ಮೈಸೂರಿನ ಹಳೇ ಮದ್ರಾಸ್ ತಾರಸಿಯನ್ನು ಅದರಲ್ಲೇ ಮಾಡಿದ್ದು. ತೊಲೆ ಮೇಲೆ ಜಂತೆ ಹಾಸಿ, ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಗಾರೆಯಲ್ಲಿ ಕೂರಿಸುವುದು. ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೀರು ಚಿಮುಕಿಸುತ್ತಾ ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿಯುವುದು. ಈಗ ಸಿಮೆಂಟು ಕಲಸಿದವರೂ ಗಾರೆ ಕೆಲಸದವರೇ. ಅಂಗಡಿಯವರು ‘ಹತ್ತು ವರ್ಷದ ಹಿಂದೆ ಗಾರೆ ಹಾಕಿಸಿದ್ವಿ’ ಅಂದರೆ ಅದು ಸಿಮೆಂಟು. ಹುಡುಗಿಯರು ಸುಣ್ಣ ಅಂತ ಬರೆದುಕೊಂಡಿದ್ದರು. ಇದು ಸಣ್ಣ ತಪ್ಪಲ್ಲ. ಸುಣ್ಣದ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಪುಡಿಯಾಗುತ್ತದೆ, ಗೋಡೆಯೊಳಗಿನ ತೊಲೆಯ ತುದಿ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ನುಣ್ಣಗೆ. ಅದಕ್ಕೇ ಈಗ ಬರೀ ಗಾರೆ ಅಂತ ಎಲ್ಲೂ ಬರೆಯುತ್ತಿಲ್ಲ. ಸುಣ್ಣದ ಗಾರೆ, ಸಿಮೆಂಟ್ ಗಾರೆ ಅಂತ ಬಿಡಿಸಿಯೇ ಬರೆಯುತ್ತಿದ್ದೇವೆ.

ಸ್ಥಿತಿ ಹೇಗಿದೆ ಅನ್ನುವ ಕಡೆ ‘ದುರಸ್ತಿಯಲ್ಲಿದೆ’ ಅಂತ ಒಬ್ಬಳು ಬರೆದಿದ್ದಳು. ಕೆಟ್ಟಿದೆ ಅಂತಲೋ, ರಿಪೇರಿ ನಡೀತಿದೆ ಅಂತಲೋ? ಎರಡೂ ಅರ್ಥದಲ್ಲಿ ನಾವು ಬಳಸುತ್ತೇವೆ. ಪಾರಸಿಯ ದುರುಸ್ತ್ ಅಂದರೆ ಸರಿಯಾದದ್ದು. ನಮ್ಮ ಕಿವಿಗೆ ‘ದುರ್’ ಕೇಳಿಸಿ ದುಃಸ್ಥಿತಿಯ ನೆಂಟನಾಗಿದೆ ಅಂತ ನನ್ನ ಊಹೆ. ಇಲ್ಲಿ ‘ರಿಪೇರಿ ಬೇಕು’ ಅಂತಲೇ ಬರೆಸಿದೆ. ‘ಜೀರ್ಣೋದ್ಧಾರ’ವನ್ನು ಪೂರ್ತಿ ಬಿಟ್ಟೆ. ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವುದು ಅನ್ನುವ ಒಳ್ಳೇ ಅರ್ಥವೇನೋ ಇದೆ. ಆದರೆ ಆ ಹೆಸರಿನಲ್ಲಿ ಎಷ್ಟು ಕಲ್ಲುಕಂಬಕ್ಕೆ ಆಯಿಲ್ ಪೇಂಟು ಬಿತ್ತು, ಎಷ್ಟು ಗಾರೆ ನೆಲದ ಮೇಲೆ ಟೈಲ್ಸ್ ಕೂತಿತು ಅಂತ ನಿಮಗೆ ನಾನು ಹೇಳಬೇಕಿಲ್ಲ.

‘ಶಿಥಿಲ’ದ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಹಳೇ ಕಟ್ಟಡಕ್ಕೆ ‘ಶಿಥಿಲ ಕಟ್ಟಡ’ ಅಂತ ಬೋರ್ಡು ಬಿದ್ದರೆ ಅದರ ಆಯಸ್ಸು ಮುಗಿಯಿತು ಅಂತಲೇ ಜನ ತಿಳಿಯುತ್ತಾರೆ. ನಮ್ಮ ಛಂದಸ್ಸಿನಲ್ಲಿ ಶಿಥಿಲದ್ವಿತ್ವ ಅಂತ ಒಂದಿದೆಯಲ್ಲ. ಒತ್ತಕ್ಷರವನ್ನು ತೇಲಿಸಿ ಹೇಳಿದರೆ ಹಿಂದಿನ ಅಕ್ಷರ ಗುರು ಆಗುವುದಿಲ್ಲ, ಪದ್ಯ ಸರಿಯಾಗಿ ನಿಲ್ಲುತ್ತದೆ. ಅಲ್ಲಿ ಶಿಥಿಲ ಅಂದರೆ ಸಡಿಲ ಅಷ್ಟೇ. ಸಡಿಲವಾದದ್ದೆಲ್ಲ ಬೀಳಲೇಬೇಕು ಅಂತಿಲ್ಲ. ಹಾಳೆಯಲ್ಲಿ ನಾನು ‘ಸಡಿಲ’, ‘ಬಿರುಕು’, ‘ಬಾಗಿದೆ’, ‘ಬಿದ್ದಿದೆ’ ಅಂತ ಬೇರೆಬೇರೆ ಮಾಡಿಸಿದ್ದೇನೆ. ಮೇಸ್ತ್ರಿಗೆ ಇದು ತುಂಬಾ ಹಿಡಿಸಿತು. ತೂಗುಗುಂಡು ಇಳಿಬಿಟ್ಟು, ಯಾವ ಗೋಡೆ ಎಷ್ಟು ಬಾಗಿದೆ ಅಂತ ಹುಡುಗಿಯರಿಗೆ ತಾವೇ ತೋರಿಸಿಕೊಟ್ಟರು. ಕೋಣೆಯನ್ನು ಮೂಲೆಯಿಂದ ಮೂಲೆಗೂ ಅಳೆಯಿರಿ, ನಾಲ್ಕು ಗೋಡೆ ಅಳೆದು ಬಂದರೆ ಹಳೇ ಕಟ್ಟಡ ಮೋಸ ಮಾಡುತ್ತದೆ ಅಂತ ಹೇಳಿದ್ದೂ ಅವರೇ. ಅಳೆದು ನೋಡಿದರೆ ಆ ಸಾಲಿನಲ್ಲಿ ಮೂಲೆಮಟ್ಟ ಸರಿಯಾಗಿ ಕೂರುವ ಒಂದು ಮೂಲೆಯೂ ಇಲ್ಲ!

ಈಗ ನಿಮ್ಮಿಂದ ಬೇಕಾದದ್ದು ಇಷ್ಟು. ನಿಮ್ಮ ಊರಿನ ಹಳೇ ಪೇಟೆಯಲ್ಲಿ ಮುಂಗಟ್ಟು ಅನ್ನುವ ಪದವನ್ನು ಅಂಗಡಿ ಬಿಟ್ಟು ಒಂಟಿಯಾಗಿ ಯಾರಾದರೂ ಬಳಸುತ್ತಾರಾ? ಬಳಸಿದರೆ ಯಾವುದನ್ನು ತೋರಿಸುತ್ತಾರೆ, ಗೋಡೆನೋ, ತಗಡೋ, ಹಲಗೆನೋ? ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆ ಕಡೆಯವರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನವರು ಬರೆದರೆ ಹೆಚ್ಚು ಸಂತೋಷ. ನಿಘಂಟು ನೋಡಿ ಬರೆಯಬೇಡಿ ಅಂತಲ್ಲ, ಅಂಗಡಿಯವರನ್ನೂ ಒಮ್ಮೆ ಕೇಳಿ. ಕಟ್ಟಡದ ಎದುರಿನ ಮೈಗೆ ನಿಮ್ಮ ಕಡೆಯ ಮೇಸ್ತ್ರಿಗಳು ಬೇರೆ ಮಾತು ಹೇಳಿದರೆ ಅದನ್ನೂ ತಿಳಿಸಿ. ಸದ್ಯಕ್ಕೆ ‘ಎದುರು ಮೈ’ ಅಂತ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಚೆನ್ನಾಗಿದೆ ಅಂತ ನನಗೇ ಅನ್ನಿಸಿಲ್ಲ.

ಮೊನ್ನೆ ಹೋದಾಗ ಹೂವಿನಮ್ಮ ಕೇಳಿದರು, ‘ನನ್ನ ಮುಂಗಟ್ಟು ಬರ್ಕೊಂಡ್ರಾ ಸಾರ್?’ ಬರೆದುಕೊಂಡಿದ್ದೇವೆ. ಉದ್ದ ನಾಲ್ಕು ಅಡಿ ಎಂಟು ಅಂಗುಲ, ಹಲಸಿನ ಮರ, ಒಂದು ಕಾಲಿಗೆ ಇಟ್ಟಿಗೆ ಒತ್ತುಕೊಟ್ಟಿದೆ. ಯಾವ ಹೆಸರಿನ ಕೆಳಗೆ ಅನ್ನುವುದೊಂದು ಬಾಕಿ.